ಕಯೋಟಿಯ ಬದುವಿನ ಮೇಲೆ ನರಿಯ ಬದುಕು

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದು ಫೋನು ನೋಡಿದರೆ ತಂಗಿಯ ಮಗಳು ಕಳಿಸಿದ ವಿಡಿಯೊ ಇತ್ತು. ಅವಳಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಮನೆಯ ಹಿಂದೆ ಹಲಗೆ ಹಾಸಿದ ಜಗಲಿ. ಅದರಡಿಯ ಸಂದಿಯಿಂದ ಒಂದೊಂದಾಗಿ ನಾಲ್ಕು ಮರಿಗಳು ಹೊರಗೆ ಬಂದವು. ಮಣ್ಣಿನ ಬಣ್ಣದ ಮೈಗೆ ಕೆಂಪು ಈಗಷ್ಟೇ ಏರುತ್ತಿತ್ತು. ಎಲ್ಲಿಂದಲೋ ಎತ್ತಿಕೊಂಡು ಬಂದ ತೋಟದ ಕೈಗವಸನ್ನು ಒಂದು ಮರಿ ಕಚ್ಚಿ ಎಳೆಯುತ್ತಿತ್ತು, ಇನ್ನೊಂದು ಅದರ ಬೆರಳು ಹಿಡಿದು ಬಿಡಲೊಲ್ಲದು. ಹಿಂದಿನಿಂದ ಅವಳ ಪಿಸುದನಿ: “ನೋಡು ದೊಡ್ಡಮ್ಮ, ನರಿ ಮರಿ! ನಮ್ಮ ಡೆಕ್ ಕೆಳಗೇ!”

ಸಂಜೆ ಮಾತಾಡುವಾಗ ಅವಳು ಕೇಳಿದ ಪ್ರಶ್ನೆಯೇ ಈ ವಾರದ ಬರಹಕ್ಕೆ ಕಾರಣ. “ಎರಡು ರಸ್ತೆ ದಾಟಿದರೆ ಯೂನಿವರ್ಸಿಟಿಯವರ ಅರ್ಬೊರೇಟಮ್ ಇದೆ. ಎಕರೆಗಟ್ಟಲೆ ಮರ, ಹುಲ್ಲು, ಕೆರೆ. ಅದನ್ನೆಲ್ಲ ಬಿಟ್ಟು ನಾವು ಕಾಫಿ ಕುಡಿಯೋ ಜಾಗದ ಕೆಳಗೆ ಬಂದು ಯಾಕೆ ಮರಿ ಹಾಕ್ತು?”

ಆ ಕಾಡಿನಲ್ಲಿ ಕಯೋಟಿ ಇದೆ, ಅದಕ್ಕೆ.

ಮುಂದೆ ಹೋಗುವ ಮೊದಲು ಹೆಸರಿನ ಗೊಂದಲವನ್ನು ತಿಳಿಮಾಡಿಕೊಳ್ಳೋಣ. ನಮ್ಮಲ್ಲಿ ‘ನರಿ’ ಎನ್ನುವ ಒಂದೇ ಮಾತಿನೊಳಗೆ ಎರಡು ಪ್ರಾಣಿಗಳು ಸೇರಿಕೊಂಡಿವೆ. ರಾತ್ರಿ ಊರಾಚೆ ಗುಂಪುಗೂಡಿ ಊಳಿಡುವುದು ಒಂದು. ಇಂಗ್ಲಿಷಿನಲ್ಲಿ ಅದು ಜಾಕಾಲ್. ಬಯಲಿನಲ್ಲಿ ಬಿಲ ತೋಡಿಕೊಂಡು ಇಲಿ, ಮಿಡತೆ, ಬೋರೆಹಣ್ಣು ತಿಂದು ಬದುಕುವ, ಬಾಲದ ತುದಿ ಕಪ್ಪಗಿರುವ ಸಣ್ಣ ಪ್ರಾಣಿ ಇನ್ನೊಂದು. ಅದು ಫಾಕ್ಸ್. ಹಳೆಯ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಕೆಂಪುನರಿ, ಚಂದಕನರಿ ಎಂಬ ಕನ್ನಡ ಹೆಸರುಗಳು ಸಿಗುತ್ತವೆ. ಈ ಬರಹದಲ್ಲಿ ನರಿ ಎಂದರೆ ಫಾಕ್ಸ್ ಎಂದೇ ತಿಳಿಯಿರಿ. ಕಯೋಟಿ ನಮ್ಮ ಊಳಿಡುವ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಉತ್ತರ ಅಮೆರಿಕದ ಸ್ವಂತ ಪ್ರಾಣಿ. ಹೆಸರು ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯಿಂದ ಸ್ಪ್ಯಾನಿಷ್‌ಗೆ, ಅಲ್ಲಿಂದ ಇಂಗ್ಲಿಷಿಗೆ ಬಂತು.

ಕಯೋಟಿ ಸಾಮಾನ್ಯವಾಗಿ ಹತ್ತರಿಂದ ಹದಿನೆಂಟು ಕಿಲೋ ತೂಗುತ್ತದೆ. ಅಲ್ಲಿನ ಕೆಂಪು ನರಿ (ರೆಡ್ ಫಾಕ್ಸ್, ನಮ್ಮ ಕೆಂಪುನರಿಯಲ್ಲ) ನಾಲ್ಕೈದು ಕಿಲೋ. ಪಶ್ಚಿಮದ ಮರುಭೂಮಿಯ ಕಿಟ್ ನರಿ, ಹುಲ್ಲುಗಾವಲಿನ ಸ್ವಿಫ್ಟ್ ನರಿ ಎರಡೂವರೆ ಕಿಲೋ ಆಸುಪಾಸು, ಮನೆಯ ಬೆಕ್ಕಿಗಿಂತಲೂ ಹಗುರ. ಇವೆಲ್ಲ ಒಂದೇ ಕುಲದವು. ಇಲಿ, ಮೊಲ, ಹಕ್ಕಿಮೊಟ್ಟೆ, ಸತ್ತ ಜಿಂಕೆ, ಉದುರಿದ ಹಣ್ಣು, ಹೀಗೆ ಎಲ್ಲರ ಊಟವೂ ಹೆಚ್ಚುಕಡಿಮೆ ಒಂದೇ. ಒಂದೇ ಕುಲ, ಒಂದೇ ಜಮೀನು, ಒಂದೇ ಬೆಳೆ ಎಂದಮೇಲೆ ಏನಾಗುತ್ತದೆಂದು ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇದು ದಾಯಾದಿ ಜಗಳ.

ಕಯೋಟಿ ನರಿಯನ್ನು ಕೊಲ್ಲುತ್ತದೆ, ಆದರೆ ಎಷ್ಟೋ ಸಲ ತಿನ್ನುವುದಿಲ್ಲ. ರೇಡಿಯೋ ಕಾಲರ್ ತೊಡಿಸಿದ ನರಿಯ ಸಿಗ್ನಲ್ ಅಲುಗಾಡದೆ ನಿಂತಾಗ ಹುಡುಕಿಕೊಂಡು ಹೋದವರಿಗೆ ಕತ್ತಿನ ಮೇಲೆ, ಎದೆಯ ಮೇಲೆ ಹಲ್ಲಿನ ಗುರುತಿರುವ, ಮಿಕ್ಕಂತೆ ಇಡಿಯಾಗಿರುವ ಹೆಣ ಸಿಕ್ಕಿದೆ. ಹಸಿವಿಗೆ ಕೊಂದದ್ದಾದರೆ ಬಿಟ್ಟು ಹೋಗುತ್ತಿರಲಿಲ್ಲ. ಆ ಸಾವು ಜಾಗಕ್ಕಾಗಿ ಆದದ್ದು.

ಆದರೂ ಕಚ್ಚಿ ಕೊಂದ ನರಿಗಳ ಲೆಕ್ಕ ಮಾತ್ರ ಹಿಡಿದರೆ ಕಯೋಟಿಯ ಪ್ರಭಾವದ ಬಹುಪಾಲು ನಮ್ಮ ಕಣ್ತಪ್ಪುತ್ತದೆ. ಉತ್ತರ ಡಕೋಟಾದ ಬಯಲಿನಲ್ಲಿ ಅಲನ್ ಸಾರ್ಜೆಂಟ್ ಮತ್ತು ಸಂಗಡಿಗರು ಎರಡೂ ಪ್ರಾಣಿಗಳಿಗೆ ಕಾಲರ್ ತೊಡಿಸಿ, ಯಾರ ಸಂಸಾರ ಎಲ್ಲಿದೆ ಎಂದು ನಕ್ಷೆ ಬರೆದರು, 1987ರಲ್ಲಿ ಪ್ರಕಟಿಸಿದರು. ಕಯೋಟಿ ಜೋಡಿಗಳು ದೊಡ್ಡ ದೊಡ್ಡ ಸೀಮೆಗಳನ್ನು ಹಿಡಿದಿದ್ದವು. ನರಿ ಸಂಸಾರಗಳು ಆ ಸೀಮೆಯ ಒಳಭಾಗವನ್ನು ಬಿಟ್ಟು ಅಂಚಿನಲ್ಲಿ, ಒಂದು ಕಯೋಟಿ ಜೋಡಿಯ ಹದ್ದು ಮುಗಿದು ಇನ್ನೊಂದರದ್ದು ಶುರುವಾಗುವ ಪಟ್ಟಿಯಲ್ಲಿ ಬಿಲ ಮಾಡಿಕೊಂಡಿದ್ದವು. ಎರಡು ಹೊಲಗಳ ನಡುವೆ ಉಳುಮೆಯಾಗದೆ ಉಳಿಯುವ ಬದು ಇರುತ್ತದಲ್ಲ, ಹಾಗೆ. ಬದುವಿನ ಮೇಲೆ ಹುಲ್ಲು ಬೆಳೆಯುತ್ತದೆ, ನಾಲ್ಕು ಜಾಲಿ ಗಿಡ ಬೆಳೆಯುತ್ತವೆ, ರಾಗಿ ಬೆಳೆಯುವುದಿಲ್ಲ. ಅಲ್ಲಿ ಎಷ್ಟು ನರಿಗಳು ಬದುಕಬಹುದು ಎನ್ನುವುದನ್ನು ಬದುವಿನ ಅಗಲ ತೀರ್ಮಾನಿಸುತ್ತದೆ. ಬದು ಸಿಗದ ಪ್ರಾಯದ ನರಿ ಎಲ್ಲೂ ನೆಲೆ ನಿಲ್ಲುವುದಿಲ್ಲ, ಮರಿ ಹಾಕುವುದಿಲ್ಲ. ಅದನ್ನು ಯಾವ ಕಯೋಟಿಯೂ ಮುಟ್ಟಿಲ್ಲ, ಆದರೂ ಮುಂದಿನ ವರ್ಷದ ಲೆಕ್ಕದಲ್ಲಿ ನರಿ ಕಡಿಮೆಯಾಗಿರುತ್ತದೆ.

ಇದೇ ಬಯಲಿನಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಡಕೋಟಾಗಳ ಹುಲ್ಲುಗಾವಲು, ಕೆರೆಕುಂಟೆಗಳು ಕಾಡುಬಾತುಗಳ ತವರು. ಅವು ನೆಲದ ಮೇಲೆ ಹುಲ್ಲಿನಲ್ಲಿ ಮೊಟ್ಟೆ ಇಡುತ್ತವೆ. ಆ ಮೊಟ್ಟೆಗಳ ದೊಡ್ಡ ಕಳ್ಳ ಕೆಂಪು ನರಿ. ಮಾರ್ಷಾ ಸೊವಾಡಾ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರಿಗಳೇ ಮೇಲಾಗಿದ್ದ ಕಡೆ ಶೇ 17ರಷ್ಟು ಬಾತು ಗೂಡುಗಳಲ್ಲಿ ಮಾತ್ರ ಮರಿ ಹೊರಬಂದಿತ್ತು; ಕಯೋಟಿ ಮೇಲಾಗಿದ್ದ ಕಡೆ ಶೇ 32. ಕಯೋಟಿಯೇನು ಮೊಟ್ಟೆ ಸಿಕ್ಕರೆ ಬಿಡುವ ಪ್ರಾಣಿಯಲ್ಲ. ಆದರೆ ಅದರ ಸೀಮೆ ದೊಡ್ಡದು, ಸಂಖ್ಯೆ ವಿರಳ. ಅದಿರುವಲ್ಲಿ ನರಿ ಕಡಿಮೆ. ನರಿಗೆ ಬಂದ ಕಷ್ಟ ಬಾತುಕೋಳಿಗೆ ವರವಾಯಿತು. ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋದ ಕಣಿವೆಗಳಲ್ಲೂ ಕೆವಿನ್ ಕ್ರೂಕ್ಸ್ ಮತ್ತು ಮೈಕಲ್ ಸೂಲೆ ಇಂಥದ್ದನ್ನೇ ಕಂಡು 1999ರಲ್ಲಿ ಬರೆದರು: ಕಯೋಟಿ ಓಡಾಡುವ ಕಣಿವೆಯಲ್ಲಿ ಬೂದು ನರಿ, ಸಾಕುಬೆಕ್ಕುಗಳ ಕಾಟ ಕಡಿಮೆ, ಪೊದೆಯ ಹಕ್ಕಿಗಳು ಹೆಚ್ಚು.

ಹಾಗಾದರೆ ಕಯೋಟಿಯ ಮೇಲೆ ಯಾರಿದ್ದಾರೆ? ತೋಳ ಇದೆ, ಅಥವಾ ಇತ್ತು. ನನ್ನ ಮಟ್ಟಿಗೆ ಈ ಕತೆಯ ಬೇರು ಇರುವುದೇ ಇಲ್ಲಿ. ತೋಳಕ್ಕೂ ಕಯೋಟಿಗೂ ಇರುವ ಸಂಬಂಧ ಕಯೋಟಿಗೂ ನರಿಗೂ ಇರುವಂಥದ್ದೇ: ಕಂಡರೆ ಅಟ್ಟುತ್ತದೆ, ಸಿಕ್ಕರೆ ಕೊಲ್ಲುತ್ತದೆ. ಆದರೆ ತೋಳ ನರಿಯನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಎಲ್ಕ್, ಮೂಸ್‌ನಂಥ ದೊಡ್ಡ ಜಿಂಕೆಗಳನ್ನು ಹೊಡೆಯುವ ಪ್ರಾಣಿಗೆ ಇಲಿ ಹಿಡಿಯುವವನ ಮೇಲೆ ಹಗೆ ಯಾಕೆ? ತೋಳ ತಿಂದು ಬಿಟ್ಟ ಮಾಂಸ ನರಿಗೆ ಚಳಿಗಾಲದ ಅನ್ನ. ಹೀಗೆ ತೋಳವಿದ್ದ ಕಡೆ ಕಯೋಟಿ ತಗ್ಗಿ, ನರಿ ತಲೆಯೆತ್ತುತ್ತಿತ್ತು.

ಅಮೆರಿಕದವರು ತೋಳವನ್ನು ಗುಂಡು, ಬೋನು, ವಿಷದಿಂದ ಬೆನ್ನಟ್ಟಿ ಕೊಂದರು. ತಲೆಗಿಷ್ಟು ಎಂದು ಸರಕಾರವೇ ಇನಾಮು ಕೊಟ್ಟಿತು. ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲೇ 1926ರ ಹೊತ್ತಿಗೆ ತೋಳಗಳ ಕತೆ ಮುಗಿದಿತ್ತು. ಕಯೋಟಿಗೂ ಅದೇ ವಿಷ ಇಟ್ಟರು, ಆದರೆ ಅದು ಅಳಿಯಲಿಲ್ಲ. ಮೊದಲು ಪಶ್ಚಿಮದ ಬಯಲು ಮತ್ತು ಮರುಭೂಮಿಗಳಲ್ಲಿ ಇದ್ದ ಪ್ರಾಣಿ, ಕಾಡು ಕಡಿದು ತೆರೆದ ದಾರಿಯಲ್ಲಿ, ತೋಳ ಬಿಟ್ಟುಹೋದ ಜಾಗದಲ್ಲಿ, ಇಪ್ಪತ್ತನೇ ಶತಮಾನದುದ್ದಕ್ಕೂ ಪೂರ್ವಕ್ಕೆ ನಡೆಯಿತು. ಅಟ್ಲಾಂಟಿಕ್ ತೀರ ಮುಟ್ಟಿತು. 1980ರ ದಶಕದಲ್ಲಿ ಸಮುದ್ರದ ಹಿಮಗಡ್ಡೆಯ ಮೇಲೆ ನಡೆದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪಕ್ಕೂ ಹೋಯಿತು. ದಕ್ಷಿಣದಲ್ಲಿ ಪನಾಮ ಕಾಲುವೆಯನ್ನೂ ದಾಟಿದೆ. ಅದು ಹೆಜ್ಜೆಯಿಟ್ಟ ಊರೂರಲ್ಲೂ ನರಿ ಮಗ್ಗುಲಿಗೆ ಸರಿಯಬೇಕಾಯಿತು.

1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಯೆಲ್ಲೊಸ್ಟೋನ್‌ನಲ್ಲಿ ಬಿಟ್ಟಾಗ ಲಾಮಾರ್ ಕಣಿವೆಯ ಕಯೋಟಿಗಳು ಕೆಲವೇ ವರ್ಷಗಳಲ್ಲಿ ಅರ್ಧಕ್ಕೆ ಇಳಿದವು. ಥಾಮಸ್ ನ್ಯೂಸಮ್ ಮತ್ತು ವಿಲಿಯಂ ರಿಪಲ್ ಇದನ್ನು ಇಡೀ ಖಂಡದ ಅಳತೆಯಲ್ಲಿ ನೋಡಲು ಹೊರಟರು. ಅದಕ್ಕೆ ಅವರು ಆರಿಸಿಕೊಂಡದ್ದು ತುಪ್ಪಳ ವ್ಯಾಪಾರದ ದಫ್ತರುಗಳನ್ನು. ಎಲ್ಲಿ ಎಷ್ಟು ಕಯೋಟಿ ಚರ್ಮ, ಎಷ್ಟು ನರಿ ಚರ್ಮ ಬಂತು ಎಂದು ಬೇಟೆಗಾರರು ದಶಕಗಳ ಕಾಲ ಬರೆಸಿದ ಲೆಕ್ಕ. ಕೆನಡಾದ ಸಸ್ಕಾಚೆವನ್, ಮ್ಯಾನಿಟೋಬಾ ಪ್ರಾಂತ್ಯಗಳ ಉತ್ತರದಲ್ಲಿ ತೋಳ ಉಳಿದಿದೆ, ದಕ್ಷಿಣದಲ್ಲಿ ಇಲ್ಲ. 2015ರಲ್ಲಿ ಅವರು ಬರೆದದ್ದು ಇಷ್ಟು: ತೋಳವಿರುವ ಕಡೆ ಕಯೋಟಿಗಿಂತ ನರಿ ಹೆಚ್ಚು, ತೋಳವಿಲ್ಲದ ಕಡೆ ನರಿಗಿಂತ ಕಯೋಟಿ ಹೆಚ್ಚು. ಕೊಂದ ಪ್ರಾಣಿಗಳ ಚರ್ಮದ ಲೆಕ್ಕವೇ ಬದುಕಿದ್ದವುಗಳ ಸಂಬಂಧವನ್ನು ಹೇಳಿತು ಎನ್ನುವುದು ನನ್ನನ್ನು ಬಹಳ ಹೊತ್ತು ಕಾಡಿದೆ.

ಸಣ್ಣ ನರಿಗಳ ಪಾಡು ಇನ್ನೂ ಕಷ್ಟದ್ದು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಕಿಟ್ ನರಿ 1967ರಿಂದಲೂ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಅದರ ಬಯಲೆಲ್ಲ ಬಾದಾಮಿ ತೋಟ, ಹತ್ತಿ ಹೊಲ, ತೈಲ ಬಾವಿಗಳಾಯಿತು. ಉಳಿದ ತುಂಡು ನೆಲದಲ್ಲಿ ಕಾಲರ್ ಕಟ್ಟಿ ನೋಡಿದಾಗ ಸಾವಿಗೆ ಮೊದಲ ಕಾರಣವಾಗಿ ಮತ್ತೆ ಮತ್ತೆ ಸಿಕ್ಕಿದ್ದು ಕಯೋಟಿ. ಓಟದಲ್ಲಿ ಗೆಲ್ಲಲಾಗದ ಈ ನರಿಗೆ ಬಿಲವೇ ಗುರಾಣಿ. ಬೇರೆ ಹಲವು ಜಾತಿಯ ನರಿಗಳು ಹೆಚ್ಚಾಗಿ ಮರಿಗಳ ಕಾಲಕ್ಕೆ ಬಿಲ ಬಳಸಿದರೆ ಇದು ವರ್ಷವಿಡೀ ಬಿಲದಲ್ಲೇ ಹಗಲು ಕಳೆಯುತ್ತದೆ. ಅದೂ ಒಂದೇ ಬಿಲವಲ್ಲ, ವರ್ಷದಲ್ಲಿ ಹತ್ತಾರು. ಎಲ್ಲಿ ಅಟ್ಟಿಸಿಕೊಂಡು ಬಂದರೂ ಹತ್ತಿರದಲ್ಲೊಂದು ಬಾಯಿ ತೆರೆದಿರಬೇಕು. ಆದ್ದರಿಂದ ಅಲ್ಲಿನ ಜೀವಶಾಸ್ತ್ರಜ್ಞರು ನೆಲದಲ್ಲಿ ಕೊಳವೆಗಳನ್ನು ಹೂತು ಕೃತಕ ಬಿಲಗಳನ್ನು ಮಾಡಿಕೊಟ್ಟಿದ್ದಾರೆ. ಕೊಳವೆಯ ಬಾಯಿ ಇಪ್ಪತ್ತು ಸೆಂಟಿಮೀಟರಿನ ಆಸುಪಾಸು. ನರಿ ಓಡಿಬಂದ ರಭಸಕ್ಕೆ ನುಗ್ಗಿಬಿಡಬಹುದು, ಬೆನ್ನಟ್ಟಿದ ಕಯೋಟಿಯ ಭುಜ ಅಲ್ಲಿ ತಡೆಯುತ್ತದೆ. ಕೆಲವು ಸೋಲಾರ್ ಪಾರ್ಕ್‌ಗಳಲ್ಲಿ ಬೇಲಿಯ ಕೆಳಗೆ ನಾಲ್ಕಾರು ಇಂಚು ಸಂದಿ ಬಿಟ್ಟಿರುವುದೂ ಇದೇ ಲೆಕ್ಕಾಚಾರದಿಂದ. ನರಿ ಒಳಗೆ, ಕಯೋಟಿ ಹೊರಗೆ.

ಆ ಕಣಿವೆಯ ದಕ್ಷಿಣ ತುದಿಯಲ್ಲಿ ಬೇಕರ್ಸ್‌ಫೀಲ್ಡ್ ಎಂಬ ತೈಲದ ಊರಿದೆ. ಕಿಟ್ ನರಿ ಅಲ್ಲಿ ಶಾಲೆಯ ಆವರಣದಲ್ಲಿ, ಗಾಲ್ಫ್ ಮೈದಾನದಲ್ಲಿ, ಕಾಲುವೆಯ ದಡದಲ್ಲಿ ಸಂಸಾರ ಹೂಡಿತು. ಊರೊಳಗೆ ಕಯೋಟಿ ಅಪರೂಪ, ಇಲಿಗೂ ಎಂಜಲಿಗೂ ಕೊರತೆಯಿಲ್ಲ. ಬಯಲಿನಲ್ಲಿ ವಿರಳವಾಗುತ್ತಿದ್ದ ಪ್ರಾಣಿ ಊರಲ್ಲಿ ಹೆಚ್ಚಿತು. ಆದರೆ 2013ರಲ್ಲಿ ಅಲ್ಲಿ ಕಜ್ಜಿ ರೋಗ ಕಾಣಿಸಿಕೊಂಡಿತು. ಒತ್ತೊತ್ತಾಗಿ ಬದುಕುವ, ಒಬ್ಬರ ಬಿಲಕ್ಕೆ ಒಬ್ಬರು ಹೋಗುವ ನರಿಗಳಲ್ಲಿ ಅದು ಬಿಲದಿಂದ ಬಿಲಕ್ಕೆ ಹಬ್ಬಿತು. ಕೂದಲುದುರಿ, ಚರ್ಮ ಕಲ್ಲಾಗಿ, ಚಿಕಿತ್ಸೆಯಿಲ್ಲದ ನರಿ ಉಳಿಯಲಿಲ್ಲ. ಕಯೋಟಿಯಿಂದ ತಪ್ಪಿಸಿಕೊಂಡು ಬಂದ ಜಾಗದಲ್ಲೇ ಈ ಸಂಕಟ ಕಾದಿತ್ತು.

ಸ್ವಿಫ್ಟ್ ನರಿಯ ಕತೆ ಕೇಳಿದರೆ ಹೊಟ್ಟೆ ತೊಳಸುತ್ತದೆ. ಕೆನಡಾದ ಹುಲ್ಲುಗಾವಲಿನಿಂದ ಅದು 1930ರ ದಶಕದಲ್ಲಿ ಪೂರ್ತಿ ಕಣ್ಮರೆಯಾಯಿತು. ಕಾರಣಗಳು ಹಲವು, ಅವುಗಳಲ್ಲಿ ಒಂದು ತೋಳಕ್ಕೂ ಕಯೋಟಿಗೂ ಎಂದು ಇಟ್ಟ ವಿಷದ ಮಾಂಸ. ಅನುಮಾನವಿಲ್ಲದ ಪುಟ್ಟ ಪ್ರಾಣಿ ಮೊದಲು ಬಂದು ತಿಂದಿತು, ಚಾಣಾಕ್ಷ ಕಯೋಟಿ ಉಳಿಯಿತು. 1983ರಿಂದ ಆಲ್ಬರ್ಟಾ, ಸಸ್ಕಾಚೆವನ್‌ಗಳಲ್ಲಿ ಸ್ವಿಫ್ಟ್ ನರಿಗಳನ್ನು ಮರಳಿ ಬಿಡತೊಡಗಿದರು, ಈಗ ಅವು ಅಲ್ಲಿ ನೆಲೆಯೂರಿವೆ. ಬಿಟ್ಟ ನರಿಗಳನ್ನು ಕೊಂದವುಗಳಲ್ಲಿ ಕಯೋಟಿಯದೇ ಮೇಲುಗೈ. ಬೂದು ನರಿಗೆ ಮಾತ್ರ ಬೇರೆಯದೇ ಒಂದು ಉಪಾಯವಿದೆ: ಅದು ಬೆಕ್ಕಿನಂತೆ ಮರ ಹತ್ತಬಲ್ಲದು.

ಈಗ ನನ್ನ ಹುಡುಗಿಯ ಊರಿಗೆ ಬರೋಣ. ಮ್ಯಾಡಿಸನ್‌ನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೇವಿಡ್ ಡ್ರೇಕ್ ಅವರ ತಂಡ 2015 ಮತ್ತು 2016ರಲ್ಲಿ 11 ಕಯೋಟಿ, 12 ಕೆಂಪು ನರಿಗಳಿಗೆ ಕಾಲರ್ ತೊಡಿಸಿ ಅವುಗಳ ಜಾಡು ಹಿಡಿಯಿತು. ಕಯೋಟಿಗಳು ಊರೊಳಗೆ ಉಳಿದ ಕಾಡು, ಹುಲ್ಲುಗಾವಲಿನ ತುಂಡುಗಳಿಗೆ ಅಂಟಿಕೊಂಡಿದ್ದವು. ನರಿಗಳು ಮನೆ, ಅಂಗಳ, ಓಣಿಗಳತ್ತ ಬಂದಿದ್ದವು. ಮನುಷ್ಯನನ್ನು ಕಂಡರೆ ಕಯೋಟಿಗೆ ನರಿಗಿಂತ ಹೆಚ್ಚು ಅಂಜಿಕೆ. ಆ ಅಂಜಿಕೆಯ ನೆರಳಲ್ಲಿ ನರಿ ಮರಿ ಹಾಕುತ್ತದೆ. ನಮ್ಮ ಹುಡುಗಿ ಕಾಫಿ ಹಿಡಿದು ಕೂರುವ ಹಲಗೆಯೇ ಅಲ್ಲಿನ ಬದು.

ಆದರೆ ಅದೇ ತಂಡ ಕಂಡ ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಕಯೋಟಿಗೆ ಅನ್ಯಾಯವಾಗುತ್ತದೆ. ಒಂದು ಕಯೋಟಿ ಮರಿಗಳಿದ್ದ ನರಿ ಬಿಲದ ಹತ್ತಿರ ಪದೇ ಪದೇ ಬಂದು ಹೋಯಿತು, ನರಿಗಳು ಮರಿಗಳನ್ನು ಕಚ್ಚಿಕೊಂಡು ಜಾಗ ಖಾಲಿ ಮಾಡಲೂ ಇಲ್ಲ. ಎರಡೂ ಪ್ರಾಣಿಗಳು ಒಂದೇ ಹೊತ್ತಿನಲ್ಲಿ, ಒಂದೇ ಕಡೆ ಮೇವು ಹುಡುಕಿದ್ದನ್ನೂ ಅವರು ಕಂಡರು. ಊರಲ್ಲಿ ಊಟ ಧಾರಾಳ. ಹೊಟ್ಟೆ ತುಂಬಿದ ದಾಯಾದಿಗಳ ನಡುವೆ ಹಗೆ ಸ್ವಲ್ಪ ತಣ್ಣಗಾಗುತ್ತದೆ ಎಂದು ಕಾಣುತ್ತದೆ. ಹಾಗಾಗಿ ಕಯೋಟಿ ಬಂದರೆ ನರಿ ನಿರ್ನಾಮ ಎಂದು ಕಣ್ಣುಮುಚ್ಚಿ ಹೇಳಲಾಗದು. ಬಂದ ಜಾಗದಲ್ಲಿ ಬದು ಉಳಿದಿದೆಯೇ, ಬಿಲ ಇದೆಯೇ, ಮೇವು ಎಷ್ಟಿದೆ ಎಂದು ಕೇಳಬೇಕು.

ಕಯೋಟಿ ಹೆಚ್ಚಿದ ಕಡೆ ನರಿ ಕಡಿಮೆಯಾದದ್ದರ ಬಿಸಿ ಮನುಷ್ಯರಿಗೂ ತಟ್ಟಿರಬಹುದು. ಅಮೆರಿಕದ ಈಶಾನ್ಯ ಮತ್ತು ಮಧ್ಯಪಶ್ಚಿಮದಲ್ಲಿ ಲೈಮ್ ಎಂಬ ಉಣ್ಣೆಯಿಂದ ಹರಡುವ ಕಾಯಿಲೆ ದಶಕಗಳಿಂದ ಏರುತ್ತಿದೆ. ಮಂಗನ ಕಾಯಿಲೆ ಕಂಡ ಮಲೆನಾಡಿನವರಿಗೆ ಉಣ್ಣೆಯ ವಿಷಯ ಹೊಸದಲ್ಲ. ಅಲ್ಲಿ ಎಲ್ಲರೂ ಜಿಂಕೆಯತ್ತ ಬೆರಳು ತೋರುತ್ತಿದ್ದರು. ಟಾಲ್ ಲೆವಿ ಮತ್ತು ಸಂಗಡಿಗರು 2012ರಲ್ಲಿ ಲೆಕ್ಕ ಹಾಕಿ ನೋಡಿದಾಗ ಕಾಯಿಲೆಯ ಏರಿಕೆ ಜಿಂಕೆಯ ಸಂಖ್ಯೆಗೆ ತಾಳೆಯಾಗಲಿಲ್ಲ. ಕಯೋಟಿ ಹೆಚ್ಚಿ ಕೆಂಪು ನರಿ ಇಳಿದದ್ದಕ್ಕೆ ತಾಳೆಯಾಯಿತು. ಅವರು ನೋಡಿದ ರಾಜ್ಯಗಳಲ್ಲಿ ವಿಸ್ಕಾನ್ಸಿನ್ ಕೂಡ ಒಂದು. ಆ ರೋಗಾಣುವನ್ನು ಹೊತ್ತು ತಿರುಗುವುದು ಬಿಳಿಗಾಲಿನ ಸಣ್ಣ ಇಲಿ, ಆ ಇಲಿಯನ್ನು ಹಿಡಿದು ಹಿಡಿದು ತಿನ್ನುವುದು ನರಿ. ಎರಡು ಏರಿಳಿತಗಳು ತಾಳೆಯಾದ ಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಸಾಬೀತಾಗುವುದಿಲ್ಲ. ಆದರೂ ಆ ಎಳೆಯನ್ನು ಕೈಬಿಡಲು ನನಗೆ ಮನಸ್ಸಿಲ್ಲ.

ಇಷ್ಟು ಕೇಳಿದ ಮೇಲೆ “ಹಾಗಾದರೆ ಕಯೋಟಿಯನ್ನು ಹೊಡೆದುಬಿಡಲಿ, ನರಿ ಉಳಿಯುತ್ತದೆ” ಎನ್ನುವವರು ಇದ್ದೇ ಇರುತ್ತಾರೆ. ಹೊಡೆದೂ ನೋಡಿದ್ದಾರೆ. ಟೆಕ್ಸಾಸ್‌ನ ವಾಯವ್ಯದಲ್ಲಿ ಕಯೋಟಿಗಳನ್ನು ತೆಗೆದ ಕಡೆ ಸ್ವಿಫ್ಟ್ ನರಿ ಹೆಚ್ಚಿದ್ದು ನಿಜ. ಆದರೆ ಅದೇ ರಾಜ್ಯದ ಪಶ್ಚಿಮದಲ್ಲಿ ಕಯೋಟಿ ತೆಗೆದಾಗ ಮೊಲಗಳು ಹೆಚ್ಚಿದವು, ಇಲಿ ಜಾತಿಗಳ ವೈವಿಧ್ಯ ಕುಗ್ಗಿ ಒಂದೇ ಜಾತಿ ಮೆರೆಯಿತು. ಅಮೆರಿಕ ಸರಕಾರದ ಕೈಯಲ್ಲೇ ಪ್ರತಿ ವರ್ಷ ಹತ್ತಾರು ಸಾವಿರ ಕಯೋಟಿಗಳು ಸಾಯುತ್ತಿವೆ, ಆದರೂ ಅದರ ಸೀಮೆ ಹಿಗ್ಗುತ್ತಲೇ ಬಂದಿದೆ. ಸಂಖ್ಯೆ ಇಳಿದರೆ ಉಳಿದವು ಎಳೆಯ ವಯಸ್ಸಿಗೇ ಹೆರುತ್ತವೆ, ಹೆಚ್ಚು ಮರಿ ಹಾಕುತ್ತವೆ. ಖಾಲಿಯಾದ ಸೀಮೆಗೆ ಪಕ್ಕದ ಸೀಮೆಯಿಂದ ಪ್ರಾಯದವು ಬಂದು ಸೇರುತ್ತವೆ. ನರಿಯ ಮೇಲೆ ನಿಜವಾಗಿ ಕಾಳಜಿಯಿದ್ದರೆ ಬಂದೂಕಿಗಿಂತ ಆ ಇಪ್ಪತ್ತು ಸೆಂಟಿಮೀಟರಿನ ಕೊಳವೆಗೂ, ತೋಳಕ್ಕೆ ಬಿಟ್ಟುಕೊಡುವ ಕಾಡಿಗೂ ಹಣ ಹಾಕಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ನಮ್ಮಲ್ಲಿ ಕಯೋಟಿ ಇಲ್ಲ. ಆದರೆ ಅದರ ಜಾಗದಲ್ಲಿ ನಾವೇ ಸಾಕಿ ಬಿಟ್ಟ ಒಂದು ಪ್ರಾಣಿ ನಿಂತಿದೆ. ಬೀದಿನಾಯಿ ಹದಿನೈದು ಕಿಲೋ ತೂಗುತ್ತದೆ, ನಮ್ಮ ಬಯಲುಸೀಮೆಯ ನರಿ ಎರಡು ಮೂರು ಕಿಲೋ. ಕಯೋಟಿಗೂ ಸ್ವಿಫ್ಟ್ ನರಿಗೂ ಇರುವ ಅಂತರವೇ ಇದು. ವಿಜಯಪುರದಿಂದ ಗಡಿ ದಾಟಿದರೆ ಸಿಗುವ ಸೊಲ್ಲಾಪುರ ಜಿಲ್ಲೆಯ ನಾನ್ನಜ್ ಹುಲ್ಲುಗಾವಲಿನಲ್ಲಿ ಅಬಿ ವನಕ್ ಮತ್ತು ಸಂಗಡಿಗರು ತಟ್ಟೆಯಲ್ಲಿ ಆಹಾರವಿಟ್ಟು ಪರೀಕ್ಷೆ ಮಾಡಿದರು. ಹತ್ತಿರದಲ್ಲಿ ನಾಯಿ ಇದ್ದರೆ ನರಿಗಳು ತಟ್ಟೆಗೆ ಬರುವುದೂ ತಿನ್ನುವುದೂ ಕಡಿಮೆಯಾಯಿತು. ಕಯೋಟಿಯಾದರೆ ಮನುಷ್ಯನಿಗೆ ಅಂಜಿ ದೂರ ಉಳಿಯುತ್ತದೆ, ಅಲ್ಲಿನ ನರಿಗೆ ಮನೆಯ ಹಿತ್ತಿಲು ಆಸರೆಯಾಗುತ್ತದೆ. ನಮ್ಮ ನಾಯಿ ಊರೊಳಗೂ ಇದೆ, ಹೊಲದಲ್ಲೂ ಇದೆ, ಕುರಿ ಹಿಂಡಿನ ಜೊತೆ ಬಯಲಿನ ತುದಿಗೂ ಹೋಗುತ್ತದೆ. ಇಲ್ಲಿನ ನರಿಗೆ ಓಡಿಬರಲು ಹಿತ್ತಿಲಿಲ್ಲ. ಕೊಪ್ಪಳದ ಬಂಕಾಪುರದಲ್ಲಿ ತೋಳಕ್ಕೆಂದು ಕಾಯ್ದಿಟ್ಟ ಕುರುಚಲು ನೆಲವಿದೆಯಲ್ಲ, ಅಂಥ ನೆಲಗಳ ಬಗ್ಗೆ ಮಾತಾಡುವಾಗ ಅಲ್ಲಿ ಬಿಲ ತೋಡುವ ಈ ಸಣ್ಣ ಜೀವದ ಹೆಸರೂ ಬರಲಿ ಎಂದು ನನ್ನ ಆಸೆ.

ಜೂನ್ ಕೊನೆಯಲ್ಲಿ ಅವಳ ಫೋನು ಬಂತು. ಮರಿಗಳು ದೊಡ್ಡವಾಗಿದ್ದವು, ತಾಯಿಯ ಹಿಂದೆ ಓಣಿಯ ಕೊನೆಯವರೆಗೂ ಹೋಗಿ ಬರುತ್ತಿದ್ದವು. ಒಂದು ರಾತ್ರಿ ಅರ್ಬೊರೇಟಮ್ ಕಡೆಯಿಂದ ಕಯೋಟಿಗಳ ಕೂಗು ಕೇಳಿ ಅವಳಿಗೆ ನಿದ್ದೆ ಬಂದಿರಲಿಲ್ಲ. ಡೆಕ್ ಕೆಳಗಿನ ಸಂದಿಗೆ ತಂತಿಜಾಲರಿ ಹೊಡೆಸಬೇಕೆಂದು ಗಂಡ ಹೇಳುತ್ತಿದ್ದಾನಂತೆ, ಏನು ಮಾಡಲಿ ಎಂದಳು. ಸಂದಿ ಎಷ್ಟು ಅಗಲವಿದೆ ಎಂದು ಕೇಳಿದೆ. ಫೋನು ಹಿಡಿದುಕೊಂಡೇ ಹೊರಗೆ ಹೋದಳು. ಹಲಗೆ ಕಿರುಗುಟ್ಟಿದ್ದು ಕೇಳಿತು, ಬಗ್ಗಿರಬೇಕು.

“ನನ್ನ ಕೈಯಲ್ಲಿ ಒಂದು ಗೇಣೂ ಇಲ್ಲ ದೊಡ್ಡಮ್ಮ.”

“ಹಾಗಾದರೆ ಹಾಗೇ ಬಿಡು” ಎಂದೆ.